ಲೈನಿನ ಪಾಲು

ಪಾರ್ಸಲ್ ಬಂದದ್ದು ಟ್ರಂಕಮ್ಮನಿಂದ. ರಟ್ಟಿನ ಪುಟ್ಟ ಡಬ್ಬಿಯೊಳಗೆ ಅಂಗೈಯಗಲದ ಬಿಳಿಯ ಸಾಧನ, ಹಿಂಬದಿಗೆ ಪ್ಲಗ್ಗಿನ ಪಿನ್ನುಗಳು, ಎರಡೂ ಪಕ್ಕದಲ್ಲಿ ಮೊಲದ ಕಿವಿಯಂತೆ ಎದ್ದು ನಿಂತ ಆಂಟೆನಾ. ಮುಂದಿನ ಕೋಣೆಯ ವೈಫೈಯನ್ನು ಹಿಂದಿನ ಕೋಣೆಯವರೆಗೆ ದಾಟಿಸುವ ಎಕ್ಸ್‌ಟೆಂಡರ್ ಅದು ಎಂದು ಸೊಸೆ ವಿವರಿಸಿದಳು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ, ಯಾಕೆ ಕಳಿಸಿದಳು ಎಂದೂ ಕೇಳಲಿಲ್ಲ. ಮತ್ತೆ ಡಬ್ಬಿಯೊಳಗಿಟ್ಟು ಮುಚ್ಚಿದಳು.

ಟ್ರಂಕಮ್ಮ ಅಕ್ಕನ ಗೆಳತಿ. ಇಬ್ಬರೂ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ಒಂದೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವರು. ದೂರದ ಊರುಗಳ ಟ್ರಂಕ್ ಕರೆಗಳನ್ನು ಜೋಡಿಸುವುದು ಅವಳ ಕೆಲಸವಾಗಿದ್ದರಿಂದ ಆ ಅಡ್ಡಹೆಸರು ಅಂಟಿಕೊಂಡಿತು. ಸ್ವಂತ ಹೆಸರು ಕರೆದರೆ ಈಗ ಅವಳೇ ತಿರುಗಿ ನೋಡುವುದಿಲ್ಲ. ಅಕ್ಕ ಮದುವೆಯಾಗಲಿಲ್ಲ. ನನ್ನ ಯಜಮಾನರು ಹೋದ ಮೇಲೆ, ಒಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದಳು. ಟ್ರಂಕಮ್ಮ ಇರುವುದು ದೂರದಲ್ಲಿ, ತಮ್ಮನ ಮನೆಯಲ್ಲಿ. ಮಂಡಿ ಸವೆದು ಪ್ರಯಾಣ ಮಾಡಲಾರಳು. ಹಾಗಾಗಿ ಇಬ್ಬರಿಗೂ ಇರುವುದು ಸಂಜೆಯ ಫೋನು. ಮುಖ ಕಾಣುವ ಕರೆ ಅವರಿಗೆ ಸೇರುವುದಿಲ್ಲ. ಮುಖ ನೋಡ್ತಾ ಕೂತರೆ ಮಾತು ಮರೆತುಹೋಗುತ್ತೆ ಎನ್ನುತ್ತಾರೆ.

ಕಳೆದ ವರ್ಷ ಅಕ್ಕನ ನಾಲಿಗೆ ಎಡವತೊಡಗಿತು. ಮೊದಮೊದಲು ಹಲ್ಲಿನ ಸೆಟ್ಟು ಸಡಿಲವಾಗಿದೆ ಅಂದುಕೊಂಡೆವು. ಆಮೇಲೆ ನೀರು ಕುಡಿಯುವಾಗ ಕೆಮ್ಮು. ದೊಡ್ಡ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಗಂಟಲು ಮತ್ತು ನಾಲಿಗೆಯ ನರಗಳು ಸೊರಗುವ ಕಾಯಿಲೆ, ಇದನ್ನು ನಿಲ್ಲಿಸುವ ಔಷಧಿಯಿಲ್ಲ, ಮೊದಲು ಮಾತು ಹೋಗುತ್ತದೆ ಎಂದರು. ಹೇಳುವ ಮುಂಚೆ ಅವರು ಕುರ್ಚಿಯನ್ನು ಮೇಜಿನ ಆಚೆಯಿಂದ ಈಚೆಗೆ ಎಳೆದುಕೊಂಡು ಅಕ್ಕನ ಎದುರಿಗೆ ಕೂತರು. ನನಗೆ ಇಂದಿಗೂ ಅದು ನೆನಪಾಗುತ್ತದೆ. ಎಷ್ಟು ದಿನ ಮಾತಾಡಬಹುದು ಎಂದು ಅಕ್ಕ ಕೇಳಿದ್ದಕ್ಕೆ, ಲೆಕ್ಕ ಹೇಳದೆ, ಬಂದಷ್ಟು ದಿನ ಮಾತಾಡ್ತಾನೇ ಇರಿ ಎಂದರು.

ಮನೆಗೆ ಬಂದು ಚಪ್ಪಲಿ ಬಿಡುತ್ತ ಅಕ್ಕ ನನ್ನ ತೋಳು ಹಿಡಿದಳು.

"ಪುಟ್ಟೀ, ಟ್ರಂಕಮ್ಮನಿಗೆ ಮಾತ್ರ ಹೇಳ್ಬೇಡ."

ಎಪ್ಪತ್ತು ದಾಟಿದ ನನ್ನನ್ನು ಪುಟ್ಟಿ ಎನ್ನುವವರು ಇನ್ನು ಇಬ್ಬರೇ ಉಳಿದಿದ್ದಾರೆ, ಅಕ್ಕ ಮತ್ತು ಟ್ರಂಕಮ್ಮ. ನಾನು ಹೂಂ ಎಂದೆ.

ಮಾರನೆಯ ವಾರ ಅಕ್ಕ ತನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡಳು. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಬೆಳಕು ಇದ್ದದ್ದು ನಿಜ. ವೈಫೈ ಇರಲಿಲ್ಲ ಅನ್ನುವುದೂ ನಿಜ. ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿದೆ. ಮುಂದಿನ ಕೋಣೆ, ಊಟದ ಕೋಣೆ, ಓಣಿಯಂಥ ನಡುದಾರಿ, ಅಡುಗೆಮನೆ, ಕೊನೆಗೆ ಈ ಕೋಣೆ. ಗೋಡೆಗಳು ಹಳೆಯ ಕಾಲದ ದಪ್ಪ ಗೋಡೆಗಳು. ಮೊಬೈಲಿನ ಸಿಗ್ನಲ್ ಮನೆಯೊಳಗೆ ಕಾಲಿಡುವುದೇ ಇಲ್ಲ, ವೈಫೈ ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು ಸುಸ್ತಾಗುತ್ತದೆ. ಹಿಂದಿನ ಕೋಣೆಯಿಂದ ಮಾತಾಡಿದರೆ ಅರ್ಧ ಮಾತು ತುಂಡು ತುಂಡಾಗಿ ಆಚೆ ಹೋಗುತ್ತಿತ್ತು. ಅಕ್ಕನಿಗೆ ಬೇಕಾದದ್ದೂ ಅದೇ. ನಾಲಿಗೆ ಎಲ್ಲಿ ತಡವರಿಸಿದರೂ, "ಈ ಹಾಳು ನೆಟ್‌ವರ್ಕು" ಎಂದರೆ ಮುಗಿಯಿತು. ಟ್ರಂಕಮ್ಮನೂ ಅತ್ತಲಿಂದ ನೆಟ್‌ವರ್ಕಿಗೆ ಶಾಪ ಹಾಕುತ್ತಿದ್ದಳು. ತಿಂಗಳುಗಟ್ಟಲೆ ಇಬ್ಬರೂ ಸೇರಿ ಬೈದರೂ ಬೇಸರ ಮಾಡಿಕೊಳ್ಳದ ಪಾಪದ ಪ್ರಾಣಿ ಅದು.

ಕೊನೆಗೆ ಬೈದು ಸಾಕಾಗಿ ಟ್ರಂಕಮ್ಮ ಈ ಡಬ್ಬಿಯನ್ನು ಕಳಿಸಿದ್ದಳು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಸೊಸೆಗೆ ನೆಟ್‌ವರ್ಕಿನ ಈ ಗುಟ್ಟು ತಿಳಿದಿರಲಿಲ್ಲ. ಅವಳಿಗೆ ತಿಳಿದದ್ದು ಅಕ್ಕನ ಕಾಯಿಲೆ ಮಾತ್ರ. ಯಾರೂ ಹೇಳದೆಯೇ ಅವಳು ಅಕ್ಕನ ಊಟವನ್ನು ಮೆತ್ತಗೆ ಕಿವುಚಿ ಇಡುತ್ತಿದ್ದಳು, ಎಲ್ಲರ ತಟ್ಟೆಯಂತೆಯೇ ಕಾಣುವ ಹಾಗೆ. ಅಕ್ಕ ಮಾತಿಗೆ ತಡಕಾಡುವಾಗ ನಾವೆಲ್ಲ ಅವಸರಪಟ್ಟು ಆ ಶಬ್ದವನ್ನು ನಾವೇ ಹೇಳಿಬಿಡುತ್ತಿದ್ದೆವು. ಸೊಸೆ ಮಾತ್ರ ಕೈಯಲ್ಲಿದ್ದ ಸೌಟನ್ನೂ ಅಲ್ಲಾಡಿಸದೆ ಕಾಯುತ್ತಿದ್ದಳು. ಅಂಥವಳಿಗೆ ಈ ಡಬ್ಬಿ ಕಂಡು ಖುಷಿಯಾದದ್ದು ಸಹಜ. ರಜೆಯ ದಿನ ಬೆಳಗ್ಗೆಯೇ ಜೋಡಿಸಲು ಕೂತಳು.

ಮುಂದಿನ ಕೋಣೆಯಲ್ಲಿ ಪ್ಲಗ್ಗಿಗೆ ಹಾಕಿ, ತನ್ನ ಫೋನಿನಿಂದ ಅದಕ್ಕೆ ನಮ್ಮ ವೈಫೈಯ ಹೆಸರು, ಪಾಸ್‌ವರ್ಡ್ ಎಲ್ಲ ತಿಳಿಸಿದಳು. ದೀಪ ಮಿಟುಕಿ ಮಿಟುಕಿ ಹಸಿರಾಯಿತು. ಸಿಗ್ನಲ್ ಬೇಕಾದದ್ದು ಅಕ್ಕನ ಕೋಣೆಗೆ ತಾನೇ ಎಂದು ಅಲ್ಲಿಗೆ ಒಯ್ದು ಮಂಚದ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದಳು. ದೀಪ ಕೆಂಪಾಯಿತು. ತೆಗೆದು ಹಾಕಿದಳು, ಮತ್ತೂ ಕೆಂಪು. ನನ್ನ ಮಗ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು, ಬಾವಿಗೆ ಹಗ್ಗ ಇಳಿಸದೆ ಬಿಂದಿಗೆ ತಂದು ಮಂಚದ ಪಕ್ಕ ಇಟ್ಕೊಂಡರೆ ನೀರು ಬರುತ್ತಾ ಎಂದು ಹಂಗಿಸಿದ. ಬಾಯಿ ತೊಳ್ಕೊಂಡು ಬಂದು ಮಾತಾಡಿ ಎಂದು ಸೊಸೆ ಅವನನ್ನು ಓಡಿಸಿದಳು. ನಾನು ಅಕ್ಕನ ಮುಖ ನೋಡಿದೆ. ಕೆಂಪು ದೀಪ ಕಂಡು ಅವಳ ಭುಜಗಳು ಸಡಿಲಾಗಿದ್ದವು. ಹೋಗ್ಲಿ ಬಿಡು ಮಗಳೇ ಎಂದು ಸೊಸೆಯ ಬೆನ್ನು ಸವರಿದಳು.

ಸೊಸೆ ಬಿಡುವವಳಲ್ಲ. ಡಬ್ಬಿಯ ಜೊತೆಗಿದ್ದ ಚೀಟಿಯನ್ನು ಕನ್ನಡಕ ಏರಿಸಿಕೊಂಡು ಓದಿದಳು. ತಪ್ಪು ತಿಳಿಯಿತು. ಸಿಗ್ನಲ್ ಸತ್ತ ಜಾಗದಲ್ಲಿ ಇಟ್ಟರೆ ಅದು ಏನನ್ನು ದಾಟಿಸೀತು? ಇನ್ನೂ ಜೀವವಿರುವ ಕಡೆ, ಅರ್ಧ ದಾರಿಯಲ್ಲಿ ಇಡಬೇಕು. ನಡುದಾರಿಯಲ್ಲಿ ಇಸ್ತ್ರಿ ಪೆಟ್ಟಿಗೆಗೆಂದು ಇದ್ದ ಪ್ಲಗ್ಗಿಗೆ ಹಾಕಿದ ಕೂಡಲೆ ಹಸಿರು ಹತ್ತಿತು. ಅಕ್ಕನ ಫೋನಿನಲ್ಲಿ ಸಿಗ್ನಲಿನ ಗೀಟುಗಳೆಲ್ಲ ತುಂಬಿಕೊಂಡವು.

"ದೊಡ್ಡಮ್ಮಾ, ಇನ್ನು ನೀವು ಪಿಸುಗುಟ್ಟಿದ್ರೂ ಅವರಿಗೆ ಕೇಳ್ಸುತ್ತೆ," ಎಂದಳು ಸೊಸೆ.

ಅಕ್ಕ ನಕ್ಕಳು. ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ನಾನು ಊಟದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಕ್ಕ ಗೋಡೆ ಹಿಡಿದುಕೊಂಡು ನಡುದಾರಿಗೆ ಬಂದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಹಸಿರು ದೀಪ ಆರಿತು. ತಿರುಗಿದವಳಿಗೆ ನಾನು ಕಂಡೆ. ಆಮೇಲೆ ಅವಳು ಹತ್ತಿರ ಬಂದು, ಒಂದೊಂದು ಅಕ್ಷರವನ್ನೂ ಕೆಸರಿನಿಂದ ಕಾಲು ಕೀಳುವಂತೆ ಕೀಳುತ್ತ ಹೇಳಿದಳು:

"ಅವಳಿಗೆ ನಾನು ಅಂದ್ರೆ ದನಿ, ಪುಟ್ಟಿ. ಅದೇ ಹೋಯ್ತು ಅಂತ ಗೊತ್ತಾದ್ರೆ, ಅವಳ ಪಾಲಿಗೆ ನಾನು ಏನು ಉಳೀತೀನಿ?"

ಅವಳ ಕೈಗೆ ಒಂದು ಟವೆಲ್ಲಿನ ತುದಿ ಕೊಟ್ಟೆ. ಇಬ್ಬರೂ ಸೇರಿ ಮಡಿಸಿದೆವು.

ಸಂಜೆ ಫೋನು ಬಂದಾಗ ಮಾತು ಎಂದಿನಂತೆ ತುಂಡಾಯಿತು. ಹಾಕಿದ್ರಾ ಎಂದು ಟ್ರಂಕಮ್ಮ ಕೇಳಿದಳು. ಹಾಕಿದ್ದಾರೆ, ಅದೂ ಸರಿಯಿಲ್ಲ ಎಂದಳು ಅಕ್ಕ. ಮರುದಿನವೂ ಅದೇ ಪಾಡು. ಸೊಸೆ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನೋಡಿದರೆ ಹಸಿರು, ಸಂಜೆ ಬಂದು ನೋಡಿದರೂ ಹಸಿರು. ನಡುವೆ ಆರಿಸುವುದು, ಮಾತು ಮುಗಿದ ಮೇಲೆ ಹೊತ್ತಿಸುವುದು ಅಕ್ಕನ ಕೆಲಸ. ದೀಪ ಇದ್ದೂ ಕೆಲಸ ಮಾಡದ ಮೇಲೆ ಸಾಧನವೇ ಕೆಟ್ಟಿರಬೇಕು ಎಂದು ತೀರ್ಮಾನಿಸಿ, ಬದಲಾಯಿಸಿ ಕೊಡ್ತಾರಾ ಕೇಳಿ ಎಂದು ಸೊಸೆ ಟ್ರಂಕಮ್ಮನಿಗೆ ಸಂದೇಶ ಕಳಿಸಿದಳು.

ಅದರ ಮಾರನೆಯ ದಿನ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನು ರಿಂಗಾಯಿತು. ಮುಂದಿನ ಕೋಣೆಯಲ್ಲಿದ್ದೆ. ಟ್ರಂಕಮ್ಮನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

"ಪುಟ್ಟಿ, ಅದು ಕೆಟ್ಟಿಲ್ಲ ಅಲ್ವಾ?"

ನಾನು ಬಚ್ಚಲಿನ ಕಡೆ ತಿರುಗಿ ನೋಡಿದೆ.

"ಅವಳೇ ಆರಿಸ್ತಿದಾಳೆ. ನೀನು ಹೇಳ್ಬೇಡ ಬಿಡು, ನಿನ್ನ ಮಾತಿಗೆ ಭಂಗ ಬರೋದು ಬೇಡ. ನಾನೇ ಹೇಳ್ತೀನಿ ಕೇಳು. ಇಡೀ ಆಯಸ್ಸು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತವಳು ನಾನು. ಲೈನು ಕೆಟ್ಟರೆ ಮಾತು ಹರಿಯುತ್ತೆ, ಬಟ್ಟೆ ಹರಿದ ಹಾಗೆ. ನಾಲಿಗೆ ಸೋತರೆ ಮಾತು ಕರಗುತ್ತೆ. ಎರಡೂ ಬೇರೆ ಬೇರೆ. ಮೊದಲನೇ ವಾರಾನೇ ಗೊತ್ತಾಯ್ತು ನಂಗೆ. ಅವಳು ನೆಟ್‌ವರ್ಕು ಅಂದ್ಲು, ನಾನೂ ನೆಟ್‌ವರ್ಕು ಅಂದೆ. ಅವಳಿಗೆ ಹಾಗೆ ಬೇಕಾಗಿತ್ತು."

"ಮತ್ತೆ ಇದನ್ನ ಯಾಕೆ ಕಳಿಸಿದ್ರಿ?" ಎಂದೆ.

"ಅವಳ ಮಾತಲ್ಲಿ ಅರ್ಧ ಕಾಯಿಲೆ ತಿನ್ನುತ್ತೆ, ಉಳಿದಿದ್ದರಲ್ಲಿ ಅರ್ಧ ಲೈನು ತಿನ್ನುತ್ತೆ. ಕಾಯಿಲೆ ಪಾಲಿಗೆ ನಾನೇನು ಮಾಡ್ಲಿ? ಲೈನಿನ ಪಾಲನ್ನಾದ್ರೂ ಬಿಡಿಸ್ಕೊಳ್ಳೋಣ ಅಂತ. ಇನ್ನೆಷ್ಟು ದಿನವೋ ಏನೋ. ಇರೋ ಅಷ್ಟನ್ನ ನಂಗೆ ಪೂರ್ತಿ ಕೇಳ್ಬೇಕು ಪುಟ್ಟಿ."

ಫೋನು ಇಟ್ಟ ಮೇಲೆ ನಾನು ಅಲ್ಲೇ ಕೂತಿದ್ದೆ. ಹೇಳಬೇಡ ಎಂದಿದ್ದದ್ದು ಅಕ್ಕ. ಟ್ರಂಕಮ್ಮ ಅಂಥ ಯಾವ ಕಟ್ಟೂ ಹಾಕಿರಲಿಲ್ಲ. ಅಕ್ಕ ಒದ್ದೆ ಕೂದಲು ಹರಡಿಕೊಂಡು ಬಂದಾಗ ಹಿಂದೆ ಕೂತು ಬಾಚುತ್ತ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಕಾಣದಿರಲಿ ಎಂದೇ ಹಿಂದೆ ಕೂತಿದ್ದೆ.

"ಯಾವಾಗಿಂದ?" ಎಂದಳು.

"ಮೊದಲಿಂದಾನೂ."

ಅವಳ ಭುಜಗಳು ಕುಲುಕತೊಡಗಿದವು. ಈ ಕಾಯಿಲೆಯಲ್ಲಿ ನಗುವೂ ಅಳುವೂ ಹೇಳದೆ ಕೇಳದೆ ಬರುತ್ತವೆ, ಒಂದೇ ಥರ ಕಾಣುತ್ತವೆ. ಯಾವುದೆಂದು ನಾನು ಇಣುಕಿ ನೋಡಲಿಲ್ಲ. ಬಾಚಣಿಗೆಯನ್ನು ನಿಲ್ಲಿಸಲೂ ಇಲ್ಲ.

ಆ ಸಂಜೆ ಅಕ್ಕ ಸ್ವಿಚ್ಚನ್ನು ಮುಟ್ಟಲಿಲ್ಲ. ಫೋನಿನ ಹೊತ್ತಿಗೆ ನಡುದಾರಿಗೆ ಬಂದಳು, ದೀಪ ಹಸಿರಾಗಿದೆಯೇ ಎಂದು ನೋಡಿದಳು, ಮರಳಿ ಹೋಗಿ ಮಂಚದ ಮೇಲೆ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು. ಕೆಲಸಕ್ಕೆ ಕೂತವರ ಹಾಗೆ. ಫೋನು ಬಂತು. ಸ್ಪೀಕರ್ ಹಾಕಿ ಮಡಿಲಲ್ಲಿಟ್ಟುಕೊಂಡಳು. ನಾನು ಎದ್ದು ಹೋಗಲು ಹೊರಟರೆ ಕೈ ಹಿಡಿದು ಕೂರಿಸಿದಳು.

ತನಗೆ ಸೊಸೆ ಚಪ್ಪಲಿ ತಂದಿದ್ದಾಳೆ ಎಂಬುದು ಅಕ್ಕ ಹೇಳಹೊರಟ ಸುದ್ದಿ. ಲೈನಿನಲ್ಲಿ ಒಂದು ಕರಕರವೂ ಇರಲಿಲ್ಲ. ನೆಟ್‌ವರ್ಕಿನ ನೆಪವಿಲ್ಲದೆ ಕೇಳುವಾಗ ಅವಳ ಮಾತು ಎಷ್ಟು ಕರಗಿದೆ ಎಂಬುದು ನನಗೂ ಮೊದಲ ಸಲ ಸರಿಯಾಗಿ ಕೇಳಿಸಿತು. ಮರೆಗೆ ಏನೂ ಇರಲಿಲ್ಲ. ಮಾತು ಮುಗಿಸಿ ಅಕ್ಕ ಕಣ್ಣು ಮುಚ್ಚಿಕೊಂಡಳು.

ಅತ್ತ ಕಡೆ ಟ್ರಂಕಮ್ಮ ಅಯ್ಯೋ ಎನ್ನಲಿಲ್ಲ. ಎಕ್ಸ್‌ಚೇಂಜಿನಲ್ಲಿ ಗಿರಾಕಿ ಹೇಳಿದ ನಂಬರನ್ನು ಜೋಡಿಸುವ ಮುನ್ನ ತಿರುಗಿ ಒಪ್ಪಿಸಿ ಖಾತ್ರಿ ಮಾಡಿಕೊಳ್ಳುವುದು ಅವರ ಪದ್ಧತಿಯಂತೆ. ಅದೇ ದನಿಯಲ್ಲಿ, ಆತುರವಿಲ್ಲದೆ, ಕೇಳಿದ್ದನ್ನು ಒಪ್ಪಿಸಿದಳು.

"ಸೊಸೆ. ಚಪ್ಪಲಿ ತಂದಳು. ಬಣ್ಣ, ಕಪ್ಪು?"

"ಊಹೂಂ," ಎಂದಳು ಅಕ್ಕ.

"ತಪ್ಪಾಯ್ತು. ಇನ್ನೊಂದ್ಸಲ ಹೇಳಿ."

ಅಕ್ಕ ಕಣ್ಣು ತೆರೆದಳು. ಮತ್ತೆ ಹೇಳಿದಳು.

"ಕಂದು."

"ಹೂಂ."

"ಕಂದು ಬಣ್ಣದ ಚಪ್ಪಲಿ. ಸರಿಯೋಯ್ತು. ಮುಂದೆ?"

ಹಾಗೆ ಆ ಸಂಜೆ ಒಂದು ಜೊತೆ ಚಪ್ಪಲಿಯ ಸುದ್ದಿ ಹೇಳಿ ಮುಗಿಸಲು ಕತ್ತಲಾಯಿತು. ಸೊಸೆ ಕೆಲಸದಿಂದ ಬಂದವಳು ಬಾಗಿಲಲ್ಲಿ ನಿಂತು ಆಲಿಸಿ, ಅಡುಗೆಮನೆಯ ನಲ್ಲಿಯನ್ನು ಸದ್ದಾಗದಂತೆ ಸಣ್ಣಗೆ ಬಿಟ್ಟುಕೊಂಡು ಕೈ ತೊಳೆದಳು.

ಮಳೆಗಾಲ ಕಳೆಯುವವರೆಗೆ ಹೀಗೆ ನಡೆಯಿತು. ದಿನದಿನಕ್ಕೆ ಅಕ್ಕನ ಮಾತು ಕಡಿಮೆಯಾಗಿ, ತಿರುಗಿ ಒಪ್ಪಿಸುವುದು ಹೆಚ್ಚಾಗುತ್ತ ಹೋಯಿತು. ಆಮೇಲೆ ಹೂಂ ಮತ್ತು ಊಹೂಂ ಉಳಿದವು. ಕೊನೆಗೆ ಎರಡಕ್ಕೂ ವ್ಯತ್ಯಾಸ ಉಳಿಯಲಿಲ್ಲ.

ಈಗ ಅಕ್ಕನಿಗೆ ಮಾತಿಲ್ಲ. ಫೋನು ಮಾತ್ರ ಸಂಜೆ ತಪ್ಪದೆ ಬರುತ್ತದೆ. ನಾನು ಅದನ್ನು ದಿಂಬಿನ ಮೇಲೆ, ಅವಳ ಕೆನ್ನೆಯ ಹತ್ತಿರ ಇಡುತ್ತೇನೆ. ಟ್ರಂಕಮ್ಮ ತನ್ನ ಮಂಡಿನೋವು, ತಮ್ಮನ ಹೆಂಡತಿಯ ಸಿಡುಕು, ತೀರಿಕೊಂಡ ಹಳೆಯ ಸಹೋದ್ಯೋಗಿಗಳ ಸುದ್ದಿ ಎಲ್ಲ ಹೇಳುತ್ತಾಳೆ. ನಡುವೆ ಒಮ್ಮೊಮ್ಮೆ ಮಾತು ನಿಲ್ಲಿಸಿ ಸುಮ್ಮನಾಗುತ್ತಾಳೆ. ಆಗ ಕೋಣೆಯಲ್ಲಿ ಅಕ್ಕನ ಉಸಿರು ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

"ಕೇಳಿಸ್ತಿದೆ ಕಣೇ," ಎನ್ನುತ್ತಾಳೆ ಟ್ರಂಕಮ್ಮ. "ಹೇಳು."