ತಾಯಿಗೆಂದು ಇಟ್ಟ ಮಾತು

ಕುಂಡೆ ಹಬ್ಬದ ದಿನ ನಮ್ಮ ಪೇಟೆಯಲ್ಲಿ ಬೈಸಿಕೊಳ್ಳದವರಿಲ್ಲ. ಕಾಡಂಚಿನ ಹಾಡಿಗಳಿಂದ, ಎಸ್ಟೇಟಿನ ಕೂಲಿ ಲೈನುಗಳಿಂದ ಕಾಡಿನ ಕುರುಬರು, ಯರವರು ಹೆಂಗಸರ ಬಟ್ಟೆ ತೊಟ್ಟು, ಡಬ್ಬ ಬಡಿಯುತ್ತ ಬರುತ್ತಾರೆ. ಬಸ್ಸು ತಡೆದು, ಅಂಗಡಿ ಹೊಕ್ಕು, ಬಾಯಿಗೆ ಬಂದಂತೆ ಬೈದು ಕಾಸು ಬೇಡುತ್ತಾರೆ. ಬೇಟೆಗೆ ಕರೆತಂದು ನಡುಕಾಡಿನಲ್ಲಿ ಕೈಬಿಟ್ಟುಹೋದ ದೇವರ ಮೇಲಿನ ಸಿಟ್ಟು ಅದು. ಹೊತ್ತು ಮುಳುಗುವ ಮುಂಚೆ ಭದ್ರಕಾಳಿಯ ಗುಡಿ ಮುಂದೆ ನಿಂತು ‘ತಪ್ಪಾಯ್ತು ತಾಯಿ’ ಎಂದರೆ ಮುಗಿಯಿತು, ಬೈದದ್ದೆಲ್ಲ ಮಾಫಿ.

ಇದು ಗೊತ್ತಿಲ್ಲದವರು ಪೇಟೆಯಲ್ಲಿ ಒಬ್ಬರೇ ಇದ್ದರು, ಇಪ್ಪತ್ತು ದಿನದ ಹಿಂದೆ ಬಯಲುಸೀಮೆಯಿಂದ ವರ್ಗವಾಗಿ ಬಂದ ನಮ್ಮ ಎಸ್‌ಐ ಅಶ್ವಥ್. ಕಾನ್‌ಸ್ಟೇಬಲ್ ಆದ ನಾನು ಬೆಳಿಗ್ಗೆಯೇ ಹೇಳಬೇಕಿತ್ತು. ನಾನು ಕುಶಾಲನಗರದ ಕಡೆಯವಳಾದರೂ ಹಿಂದಿನ ವರ್ಷ ಇದೇ ಹಬ್ಬದಲ್ಲಿ ಹೊಟ್ಟೆ ತುಂಬ ಬೈಸಿಕೊಂಡವಳು. ಆದರೆ ಅವರ ಗಂಟು ಮೋರೆ ನೋಡಿ ಸುಮ್ಮನಾದೆ. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಕೆಂಚ ನಮ್ಮ ಜೀಪಿಗೆ ಅಡ್ಡ ನಿಂತ. ಅರವತ್ತು ದಾಟಿದ ಸಣಕಲು ಕುರುಬ. ಪೂವಯ್ಯನವರ ಎಸ್ಟೇಟ್ ಲೈನಿನಲ್ಲಿ ಅವನ ವಾಸ. ಮೈಮೇಲೆ ಹೂಹೂವಿನ ನೈಟಿ, ತಲೆಗೆ ಗೋಣಿನಾರಿನ ಜಡೆ. ಬಾನೆಟ್ ಬಡಿಯುತ್ತ ಎಸ್‌ಐಯವರ ಅಮ್ಮನಿಂದ ಹಿಡಿದು ಅಜ್ಜಿಯವರೆಗೆ ಯಾರನ್ನೂ ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ನಕ್ಕಿತು. ನಾನೂ ನಕ್ಕೆ. ಎಸ್‌ಐ ಬೈಗುಳವನ್ನು ಬೇಕಾದರೆ ನುಂಗಿಕೊಳ್ಳುತ್ತಿದ್ದರೇನೋ, ಊರು ನಕ್ಕದ್ದನ್ನು ನುಂಗಲಾಗಲಿಲ್ಲ. ಇಳಿದು ನೈಟಿಯ ಕೊರಳು ಹಿಡಿದರು.

“ಸರ್, ಇವತ್ತು ಇವ್ರ ಹಬ್ಬ ಸರ್. ಎಲ್ರನ್ನೂ ಬೈತಾರೆ,” ಎಂದೆ. ಹೇಳಬೇಕಾದ ಹೊತ್ತು ಮೀರಿದ ಮೇಲೆ ಎಂದೆ.

“ನನ್ ತಾಯೀನ ಬೈಯೋದೂ ಒಂದು ಹಬ್ಬಾನಾ? ಹತ್ತಿಸ್ರೀ ಇವನ್ನ.”

ಉಳಿದವರೆಲ್ಲ ಬಂದೋಬಸ್ತಿನಲ್ಲಿದ್ದರು. ಠಾಣೆಯ ಹಿಂದಿನ ಕೋಣೆಯಲ್ಲಿ ನಾವು ಮೂವರೇ. ಮೊದಲ ಏಟು ಬಿದ್ದಾಗ ಕೆಂಚ ನಕ್ಕ, ಇದೂ ಹಬ್ಬದ ಆಟವೇ ಅಂದುಕೊಂಡಿದ್ದ. ಎರಡನೆಯದು ಅಂಗಾಲಿಗೆ ಬಿದ್ದಾಗ ನಗು ಹೋಯಿತು.

“ತಪ್ಪಾಯ್ತು ಅನ್ನು. ಬಿಟ್ಬಿಡ್ತೀನಿ,” ಎಂದರು ಎಸ್‌ಐ.

“ಅದೊಂದ್ ಬೇಡ ಸಾರ್. ಅದು ತಾಯಿಗೆ ಹೇಳೋ ಮಾತು. ಇಲ್ಲಿ ಹೇಳಿದ್ರೆ ಅಲ್ಲಿ ಏನ್ ಹೇಳ್ಲಿ? ನಾಳೆ ಬೇಕಾದ್ರೆ ಬಂದು ಕಾಲ್ ಹಿಡೀತೀನಿ.”

ನಾಳೆಯವರೆಗೆ ಕಾಯುವ ಜಾತಿಯ ಸಿಟ್ಟಲ್ಲ ಅದು. ಏಟಿನ ಮೇಲೆ ಏಟು. ಪ್ರತಿ ಏಟಿಗೂ ಅದೇ ಪ್ರಶ್ನೆ, ಪ್ರತಿ ಸಲವೂ ಮುದುಕ ತಲೆಯಾಡಿಸಿದ. ಬೈಯುವಾಗ ಅಷ್ಟು ಸಲೀಸಾಗಿ ಓಡಿದ ನಾಲಿಗೆ ಒಂದು ‘ತಪ್ಪಾಯ್ತು’ ಎನ್ನಲು ಒಪ್ಪಲಿಲ್ಲ. ನನಗೆ ಅವನ ಮೇಲೇ ಸಿಟ್ಟು ಬಂತು.

“ಕೆಂಚಣ್ಣ, ಒಂದೇ ಮಾತು. ಹೇಳ್ಬಿಡು. ನಿನ್ ದಮ್ಮಯ್ಯ.”

ನೋಡಿ, ನಾನು ದಮ್ಮಯ್ಯ ಅಂದದ್ದು ಹೊಡೆಯುತ್ತಿದ್ದವರಿಗಲ್ಲ, ಹೊಡೆಸಿಕೊಳ್ಳುತ್ತಿದ್ದವನಿಗೆ.

ಮುಂದಿನ ಏಟಿಗೆ ಅವನು ಕೈ ಅಡ್ಡ ಕೊಟ್ಟ. ಮಣಿಕಟ್ಟು ಒಣ ಪುರಲೆ ಕಡ್ಡಿಯ ಹಾಗೆ ಲಟಕ್ಕೆಂದಿತು. ಕೆಂಚ ಎಸ್‌ಐ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತ ಹೇಳಿದ. “ತಪ್ಪಾಯ್ತು.”

ಎಸ್‌ಐ ಲಾಠಿಯನ್ನು ಗೋಡೆಗೆ ಆನಿಸಿ ಬೆವರು ಒರೆಸಿಕೊಂಡರು. “ಆಸ್ಪತ್ರೆಗೆ ಕರ್ಕೊಂಡ್ ಹೋಗು. ಕುಡಿದು ಕುಣಿಯೋವಾಗ ಬಿದ್ದ ಅಂತ ಬರೆಸು.”

ಠಾಣೆಯ ಹೊರಗಿನಿಂದಲೇ ನಮ್ಮ ಹಿಂದೆ ಬಂದಿದ್ದ ಕೆಂಚನ ಹೆಂಡತಿ ಜವರಿ ಆಸ್ಪತ್ರೆ ಬಾಗಿಲಲ್ಲಿ ಎದುರಾದಳು. ಗಂಟೆ ನಾಲ್ಕಾಗಿತ್ತು. ನೇತಾಡುವ ಕೈ ನೋಡಿ ಅತ್ತಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿ, “ಇನ್ನೂ ಹೊತ್ತದೆ. ಪಟ್ಟಿ ಕಟ್ಟಿಸ್ಕೊಂಡು ಆಟೋದಲ್ಲಿ ಹೋಗುವ, ಗುಡಿ ಸಿಕ್ತದೆ,” ಎಂದಳು.

“ಎಂತಕ್ಕೆ?” ಎಂದ ಕೆಂಚ. “ಆ ಮಾತು ಖರ್ಚಾಯ್ತು.”

ಜವರಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಮುರಿದ ಕೈಗೆ ಅತ್ತವಳು ಇದಕ್ಕೆ ಅಳಲೂ ಇಲ್ಲ. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಡಾಕ್ಟರ್ ಮಿಲನ್ ಆಗಲೇ ಬರೆಯಲು ಶುರುಮಾಡಿದ್ದರು. “ಹಬ್ಬದಲ್ಲಿ ಬಿದ್ದದ್ದು ತಾನೆ? ಬೆಳಿಗ್ಗೆಯಿಂದ ಇದು ಐದನೇದು.”

ನಾನು ಬಾಯಿ ತೆರೆಯದಿದ್ದರೆ ಸಾಕಿತ್ತು. ನೌಕರಿ ಉಳಿಯುತ್ತಿತ್ತು.

“ಹೌದಾ ಕೆಂಚ, ಬಿದ್ದದ್ದಾ?” ಎಂದರು ಡಾಕ್ಟರ್.

ಕೆಂಚ ನನ್ನ ಖಾಕಿ ಅಂಗಿ ನೋಡಿದ. “ಹೌದು ಸಾರ್, ಬಿದ್ದದ್ದು.”

ಬೆಳಿಗ್ಗೆಯಿಂದ ದೇವರನ್ನೇ ಬೈದ ಬಾಯಿಗೆ ಒಬ್ಬ ಎಸ್‌ಐಯ ಹೆಸರು ಬರಲಿಲ್ಲ.

“ಅದನ್ನ ಹೊಡೆದು ಹಾಕಿ ಡಾಕ್ಟ್ರೇ,” ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. “ಬಿದ್ದದ್ದಲ್ಲ. ಠಾಣೇಲಿ ಎಸ್‌ಐ ಅಶ್ವಥ್ ಲಾಠೀಲಿ ಹೊಡೆದದ್ದು.”

ಪೆನ್ನು ನಿಂತಿತು. “ಯಾರು ಹೇಳಿದ್ದು ಅಂತ್ಲೂ ಬರೀಬೇಕಾಗ್ತದೆ ಮೇಡಂ. ಯೋಚನೆ ಮಾಡಿ.”

“ಬೇಡ ಮೇಡಂ, ನಾಳೆ ಲೈನಿಗೇ ಬರ್ತಾರೆ ಅವ್ರು,” ಎಂದ ಕೆಂಚ. ಅವನ ಹಿಂದೆ ಬಂದು ನಿಂತಿದ್ದ ಜವರಿ, “ಬರೀಲಿ,” ಎಂದಳು. ಅಷ್ಟೇ ಎಂದಳು.

ಒಂದು ವಿಷಯ ನಿಮಗೂ ಈವರೆಗೆ ಹೇಳಿಲ್ಲ, ಬಾಯಿ ಬಂದಿರಲಿಲ್ಲ. ಅದನ್ನು ಮೊದಲು ಹೇಳಿದ್ದು ಡಾಕ್ಟರಿಗೆ.

“ದಿವ್ಯಶ್ರೀ ಅಂತ ಬರೀರಿ. ಅವ್ರು ಹೊಡೆಯೋವಾಗ ಕೆಂಚಣ್ಣನ ಕಾಲು ಅಲ್ಲಾಡದ ಹಾಗೆ ಒತ್ತಿ ಹಿಡ್ಕೊಂಡಿದ್ದು ನಾನೇ.”