ಎಡಗೈಯ ದೋಣಿ

ಹೊಸ ಬಣ್ಣದ ವಾಸನೆ, ಇನ್ನೂ ಸರಿಯಾಗಿ ಒಣಗಿಲ್ಲ, ಮೂಗಿಗೆ ಅಡರಿ ಕೂತಿದೆ, ಅದೂ ದೋಣಿಗೆಲ್ಲ ಬಳಿದದ್ದಲ್ಲ, ಮೂತಿಯ ಹತ್ತಿರ ನಂಬರು ಇರಬೇಕಾದ ಅಂಗೈಯಗಲ ಜಾಗಕ್ಕೆ ಮಾತ್ರ, ಇರಲಿ, ಚಕ್ಕೆ ಎದ್ದಿರಬೇಕು, ಮಾರುವವನು ತೇಪೆ ಹಾಕಿದ್ದಾನೆ, ತೇಪೆ ಹಾಕುವುದು ತಪ್ಪೇ, ಟೈಲರಮ್ಮ ಅನ್ನಿಸಿಕೊಂಡ ತಾನು ದಿನವಿಡೀ ಹಾಕುವುದು ಇನ್ನೇನನ್ನು — ಎಂದು ಅವಳು ದೋಣಿಯ ಹಿಂದಿನ ಹಲಗೆಯ ಮೇಲೆ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಹೊಳೆಯಾಚೆಯ ದಡ ಕೈಗೆಟುಕುವಂತಿದೆ, ಅಲ್ಲಿ ಅಕ್ಕ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಬ್ಬಳೇ ಮಂಚದ ಮೇಲೆ, ಹೊಳೆ ದಾಟಿಸುತ್ತಿದ್ದ ಲಾಂಚು ನಿಂತುಹೋದ ಮೇಲೆ ಸೇತುವೆ ಸುತ್ತಿ, ಬಸ್ಸು ಬದಲಾಯಿಸಿ, ಬುತ್ತಿ ಹೊತ್ತು ಹೋಗುವಷ್ಟರಲ್ಲಿ ಊಟ ತಣ್ಣಗಾಗಿ ಅಕ್ಕ ಬಿಸಿಯಾಗಿರುತ್ತಾಳೆ, ಬಂದ್ಯಾ ಮಹಾರಾಯ್ತಿ, ನಾನಿನ್ನೂ ಬದುಕಿದೀನಿ ನೋಡು. ದೋಣಿಯೊಂದಿದ್ದರೆ ಅಂಗಡಿ ಬಾಗಿಲು ಎಳೆದು ಹೊರಟುಬಿಡಬಹುದು, ದಿನಾ, ಎರಡು ಹೊತ್ತೂ, ಬೇಕಾದರೆ ಅಲ್ಲೇ ಮಲಗಿ ಬರಬಹುದು, ಅಷ್ಟೇ ತಾನೇ ತಾನು ಕೇಳುತ್ತಿರುವುದು. ಕಾಗದಪತ್ರ ಅಂದರೆ ಟೋಪಿಯವನು — ಮಾರುವವನ ತಲೆಯ ಮೇಲಿನ ಟೋಪಿ, ಯಾರಿಗೆ ಹಾಕಲು ಇಟ್ಟುಕೊಂಡದ್ದೋ — ಕಾಗದ ಎಲ್ಲೋಗುತ್ತೆ ಅಕ್ಕಾರೆ, ಹೆಸರು ಬದಲಾಯಿಸೋಕೆ ಕೊಟ್ಟಿದೀನಿ, ಬರುತ್ತೆ, ಹತ್ತು ವರ್ಷ ನಾನೇ ಓಡಿಸಿದ ದೋಣಿ, ಮಗೂನ ಕೊಟ್ಟ ಹಾಗೆ ಕೊಡ್ತಿದೀನಿ ಅಂದ, ಅಷ್ಟು ಅಗ್ಗಕ್ಕೆ ಯಾರು ಮಗುವನ್ನು ಕೊಡುತ್ತಾರೆ, ಬಿಡು, ಬಾಯಿ ಮುಚ್ಚಿಕೊಂಡು ಹುಟ್ಟು ಹಿಡಿ.

ಹಿಡಿದಳು, ಹಿಡಿದದ್ದೂ ಗೊತ್ತಾಗಲಿಲ್ಲ, ಎಡಗೈ ತಾನಾಗಿ ಹೋಗಿ ಕೂತಿತ್ತು, ಹುಟ್ಟು ಸಿಕ್ಕಿಸುವ ಕಬ್ಬಿಣದ ಬಳೆ ಎಡ ಅಂಚಿನಲ್ಲಿದೆ, ನೀರು ಎತ್ತಿ ಚೆಲ್ಲುವ ತಂಬಿಗೆಯ ಕೊಕ್ಕೆ ಎಡಕ್ಕೆ, ಹುಟ್ಟಿನ ಹಿಡಿಯಲ್ಲಿ ಸವೆದ ಗುಳಿ ಸರಿಯಾಗಿ ಎಡಗೈ ಹೆಬ್ಬೆರಳಿಗೆ, ಅಯ್ಯೋ ದೇವರೇ, ಎಷ್ಟು ಹಿತ, ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತು ತನ್ನ ಕೈಯನ್ನು ಬೈಯಲಿಲ್ಲ, ಕತ್ತರಿ ಹೆಬ್ಬೆರಳು ಕಚ್ಚುತ್ತದೆ, ಮೇಷ್ಟರು ಸ್ಕೇಲಿನಲ್ಲಿ ಹೊಡೆದರು, ಅಪ್ಪನ ದೋಣಿಯಲ್ಲಿ — ನೀನು ಮುಟ್ಟಬೇಡ ಎಡಚಿ, ಗಿರಗಿರ ತಿರುಗುತ್ತೆ, ಅಕ್ಕ ಹಾಕ್ಲಿ — ಅಕ್ಕ ಹಾಕುತ್ತಿದ್ದಳು, ಇವಳು ಮುಂದೆ ಮೂಟೆಯಂತೆ ಕೂತಿರುತ್ತಿದ್ದಳು, ಈಗ ನೋಡು ಅಕ್ಕಾ, ಯಾರ ದೋಣಿ ನೆಟ್ಟಗೆ ಹೋಗುತ್ತೆ ನೋಡು, ಕಣ್ಣು ತುಂಬಿ ಬಂತು, ನಾಚಿಕೆಯಾಯಿತು, ಕೊಂಡುಬಿಡುತ್ತೇನೆ. ಕೊಡಿ ಇಲ್ಲಿ, ಓಡಿಸಿ ತೋರಿಸ್ತೀನಿ ಎಂದು ಟೋಪಿಯವನು ಬಂದು ಕೂತ, ಅವನ ಬಲಗೈ ಬಲ ಅಂಚಿಗೆ ಹೋಯಿತು, ಅಲ್ಲಿ ಏನೂ ಇಲ್ಲ, ಬಳೆಯಿಲ್ಲ, ಹಿಂದೆಂದೋ ಇದ್ದ ತೂತೂ ಇಲ್ಲ, ಗಾಳಿ ತಡಕಿ ಮೈ ತಿರುಚಿ ಎಡಕ್ಕೆ ವಾಲಿ ಹುಟ್ಟು ಹಾಕಿದ, ನೀರು ಅವಳ ಮುಖಕ್ಕೆ ಚಿಮ್ಮಿತು, ದೋಣಿ ಗಿರಗಿರ ತಿರುಗಿತು, ಹತ್ತು ವರ್ಷ, ಹತ್ತು ವರ್ಷ ಓಡಿಸಿದವನು.

ಬೇಡ, ಕೇಳಬೇಡ, ಕೇಳಿದರೆ ಕೆಟ್ಟೆ, ಅಣ್ಣನೋ ತಮ್ಮನೋ ಎಡಚ ಇರಬಹುದು, ಅವನೇ ಮಾಡಿಸಿರಬಹುದು, ಅದೊಂದು ಹೇಳಿಬಿಡಲಿ, ಸುಳ್ಳಾದರೂ ನಂಬುತ್ತೇನೆ — ನಿಮ್ಮ ಮನೇಲಿ ಎಡಗೈಯೋರು ಯಾರಾದ್ರೂ ಇದಾರಾ ಎಂದು ಕೇಳಿಯೇ ಬಿಟ್ಟಳು, ಅವನಿಗೆ ಅವಮಾನವಾದಂತಾಯಿತು, ಛೆ ಛೆ, ನಮ್ಮ ವಂಶದಲ್ಲೇ ಯಾರಿಗೂ ಆ ಕೆಟ್ಟ ಅಭ್ಯಾಸ ಇಲ್ಲ ಅಕ್ಕಾರೆ. ಅಷ್ಟೇ. ಅವಳಿಗೆ ಆಚೆ ದಡ ಕಾಣದಾಯಿತು, ಬೇರೆ ಯಾವುದೋ ದಡ ಕಂಡಿತು, ಬೆಳಗ್ಗೆ ಎದ್ದು ಬಂದ ಯಾರೋ ಒಬ್ಬರು, ಗೂಟದಲ್ಲಿ ಕೊಯ್ದ ಹಗ್ಗ, ದೋಣಿಯಿಲ್ಲ, ಚಾಚಿದ ಎಡಗೈ.

ಅಕ್ಕನ್ನ ಕೇಳಿ ಹೇಳ್ತೀನಿ ಎಂದು ಇಳಿದಳು, ಸಂಜೆ ಇನ್ನೊಬ್ರು ಬರ್ತಾರೆ, ಆಮೇಲೆ ನನ್ನ ಬೈಬೇಡಿ ಅಂದ ಅವನು, ಬರಲಿ, ಬಂದವನು ಮೊದಲು ಬಳೆ ಕಿತ್ತು ಬಲಕ್ಕೆ ಹೊಡೆಯುತ್ತಾನೆ, ಎಡದ ತೂತಿಗೆ ಮೇಣ ತುಂಬುತ್ತಾನೆ, ಆಮೇಲೆ ಯಾರು ಬಂದು ಇದು ನನ್ನದು ಅಂದಾರು, ಫೋನು, ಅಕ್ಕ, ಸಿಕ್ತೇನೇ, ಸಿಕ್ತು ಅಕ್ಕಾ, ಬೇರೆಯವರದ್ದು, ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು, ಹಾಗಾದ್ರೆ ಇವತ್ತೂ ಬಸ್ಸಾ, ಬಸ್ಸೇ ಅಕ್ಕಾ, ಠಾಣೆಗೆ ಹೋಗಿ ಬರ್ತೀನಿ, ತಡವಾಗುತ್ತೆ, ಕಾಯ್ತಿರು. ಏನೆಂದು ಹೇಳುವುದು ಅಲ್ಲಿ, ಬಳೆ ಎಡಕ್ಕಿದೆ ಸ್ವಾಮಿ, ಅಂದರೆ ನಗುತ್ತಾರೆ, ನಗಲಿ, ಕಳೆದುಕೊಂಡವರು ಬಂದು ಹೇಳಿರುತ್ತಾರೆ, ಹೇಳಿರದಿದ್ದರೆ, ಹಸಿದು ಕೂತಿರುವ ಅಕ್ಕ, ನಡೆ, ಬೇಗ ನಡೆ, ಸಂಜೆಯೊಳಗೆ, ಗೂಟ, ಕೊಯ್ದ ಹಗ್ಗ, ತಂಬಿಗೆಗೆಂದು ಚಾಚಿ ಅಲ್ಲೇ ನಿಂತ ಎಡಗೈ, ಎಡಗೈ —