ಕಡುಹಸಿರು ರೈಲುಗಳ ಉಳಿತಾಯ

"ನನ್ನ ವರದಿ ತಪ್ಪಿದೆ. ಯಾರಿಗೂ ಗೊತ್ತಾಗದಿದ್ದರೆ ಅದು ತಪ್ಪೇ ಅಲ್ಲವಾ?" ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ನು ಮುಚ್ಚಿದಳು. ಮತ್ತೆ ತೆರೆದಳು. ಮುಂದೇನೂ ತೋಚಲಿಲ್ಲ.

ರೈಲು ಡಿಪೋದಲ್ಲಿ ಅವಳದು ವಿದ್ಯುತ್ ಮೀಟರ್ ಓದುವ ಕೆಲಸ. ಪದವಿ ಮುಗಿಸಿ ಸೇರಿ ಐದು ತಿಂಗಳು. ಕೆಲಸ ಖಾಯಂ ಆಗಲು ಇನ್ನೊಂದೇ ತಿಂಗಳು. ಹೊಸದಾಗಿ ಕಡುಹಸಿರು ಬಳಿದ ಆರು ರೈಲುಗಳು ಹಳೆಯ ಕೆನೆಬಣ್ಣದವುಗಳಿಗಿಂತ ನೂರಕ್ಕೆ ಎಂಟರಷ್ಟು ಕಡಿಮೆ ವಿದ್ಯುತ್ ಕುಡಿಯುತ್ತಿದ್ದವು. ಬಣ್ಣ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಹಾಗಾಗಿ ಉಳಿತಾಯಕ್ಕೆ ಬಣ್ಣವೇ ಕಾರಣವೆಂದು ಬರೆದುಕೊಟ್ಟಿದ್ದಳು. ಮ್ಯಾನೇಜರ್ ಹಿರಿಹಿರಿ ಹಿಗ್ಗಿದ್ದರು.

ವರದಿ ಕೊಟ್ಟ ಮರುದಿನ ಮೀಟರ್ ನೋಡಲು ಹೋದಾಗ, ತೊಳೆಯುವ ತಂಡದ ಮುಂದಾಳು ದೊಡ್ಡಕ್ಕ ಹಸಿರು ರೈಲಿನೊಳಗೆ ಹತ್ತಿ ಎಸಿ ಆರಿಸುತ್ತಿದ್ದಳು.

"ಯಾಕಕ್ಕಾ ಆಫ್ ಮಾಡ್ತೀರಾ?"

"ಇನ್ನೇನ್ ಮಾಡ್ಲಿ ಮೀಟರಮ್ಮ? ಈ ಮಹಾರಾಣಿ ಮೈ ಒರೆಸಿ ಮುಗಿಸೋದ್ರೊಳಗೆ ಎಸಿ ನೀರು ತೊಟ್ಟಿಕ್ಕಿ ಬಿಳಿ ಗೆರೆ ಬೀಳುತ್ತೆ. ಬೈಸ್ಕೊಳ್ಳೋರು ನಾವು. ಆ ಕೆನೆಬಣ್ಣದ ಮುದುಕಿಯರ ಮೇಲೆ ಗೆರೆ ಕಾಣಲ್ಲ ನೋಡು, ಅದಕ್ಕೇ ಅವಕ್ಕೆ ಮಧ್ಯಾಹ್ನವೆಲ್ಲ ಖಾಲಿ ಬೋಗಿಯಲ್ಲೂ ತಂಪುಗಾಳಿ!"

ದೊಡ್ಡಕ್ಕ ನಕ್ಕಳು. ಇವಳು ಹೋಗಿ ಕೆನೆಬಣ್ಣದ ರೈಲುಗಳ ಮೀಟರ್ ಮತ್ತೊಮ್ಮೆ ಓದಿದಳು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮ್ಯಾನೇಜರ್ ಕೋಣೆಯ ಬಾಗಿಲವರೆಗೆ ಮೂರು ಸಲ ಹೋಗಿ, ನೀರು ಕುಡಿಯಲು ಬಂದವಳಂತೆ ಲೋಟ ತುಂಬಿಕೊಂಡು ಹಿಂದಿರುಗಿದ್ದಳು.

ಶುಕ್ರವಾರ ಎಲ್ಲರನ್ನೂ ಸಭೆಗೆ ಕರೆದರು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ದೊಡ್ಡಕ್ಕ ಬಾಗಿಲ ಬಳಿ ನಿಂತಳು, ಹಿಂದೆ ಅವಳ ತಂಡ.

"ಎಲ್ಲ ರೈಲಿಗೂ ಕಡುಹಸಿರೇ ಬಳಿಸೋಣ," ಎಂದರು ಮ್ಯಾನೇಜರ್. "ವಿದ್ಯುತ್ತೂ ಉಳಿಯುತ್ತೆ, ಕಡುಬಣ್ಣದಲ್ಲಿ ಕೊಳೆಯೂ ಕಾಣಲ್ಲ. ತೊಳೆಯೋಕೆ ಹನ್ನೆರಡು ಜನ ಯಾಕೆ? ಆರು ಜನ ಸಾಕು. ಎಲ್ಲ ಈ ಹುಡುಗಿ ವರದಿಯ ಪುಣ್ಯ!"

"ಕೊಳೆ ಕಾಣಲ್ವಂತೆ! ಒಂದು ದಿನ ಒರೆಸಿ ನೋಡ್ಲಿ, ಪುಣ್ಯಾತ್ಮ," ಎಂದು ದೊಡ್ಡಕ್ಕ ಪಕ್ಕದವಳ ಕಿವಿಯಲ್ಲಿ ಗೊಣಗಿದಳು. ಆದರೆ ಮುಖದಲ್ಲಿ ನಗು ಇರಲಿಲ್ಲ. ಅವಳು ಮೀಟರ್ ಓದುವ ಹುಡುಗಿಯತ್ತ ನೋಡಿದಳು. ದೂರುವ ನೋಟವಲ್ಲ, ಏನೂ ಅರಿಯದವರ ನೋಟ. ಹುಡುಗಿಗೆ ಅದನ್ನೇ ತಡೆಯಲಾಗಲಿಲ್ಲ.

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು. ತಗ್ಗಿದ ದನಿಯಲ್ಲಿ ಏನೋ ಅಂದಳು.

"ಏನಮ್ಮ, ಜೋರಾಗಿ ಹೇಳು," ಎಂದರು ಮ್ಯಾನೇಜರ್.

"ಸರ್, ವಿದ್ಯುತ್ ಉಳಿಸಿದ್ದು ಬಣ್ಣ ಅಲ್ಲ. ಹಸಿರು ರೈಲು ತೊಳೆಯುವಾಗ ಎಸಿ ಆರಿಸೋ ದೊಡ್ಡಕ್ಕನವರು. ನಾನು ತಪ್ಪು ಬರೆದೆ."